ಊರ ಜಾತ್ರೆಗೆ ಆನ್‌ಲೈನ್ ಮ್ಯಾಪ್ ಮಾಡೋದು: ಬಿಸಿಲಲ್ಲಿ ನಿಂತು ನೋಡೋರಿಗೂ ಅರ್ಥ ಆಗೋ ಹಾಗೆ

ಎರಡು ವರ್ಷದ ಹಿಂದೆ ನಮ್ಮೂರ ಜಾತ್ರೆಗೆ ಅಂತ ಒಂದು ಆನ್‌ಲೈನ್ ಮ್ಯಾಪ್ ಮಾಡಿದ್ದೆ. 64 ಪಿನ್ನು, 9 ಬಣ್ಣ, ಹಿಂದ್ಗಡೆ ಸ್ಯಾಟಲೈಟ್ ಫೋಟೋ, ಲ್ಯಾಪ್‌ಟಾಪಲ್ಲಿ ನೋಡಿದ್ರೆ ಒಳ್ಳೇ ರಂಗೋಲಿ ಥರ ಕಾಣ್ತಿತ್ತು, ಹುಡುಗರೆಲ್ಲ ಸೂಪರ್ ಸೂಪರ್ ಅಂತ ಹೆಬ್ಬೆಟ್ಟು ಒತ್ತಿದ್ದೇ ಒತ್ತಿದ್ದು. ತೇರಿನ ದಿನ ಬಸ್ ಇಳಿದು ಬಂದ ಒಬ್ಬರು ಹಿರಿಯರು ಮೊಬೈಲನ್ನ ನನ್ನ ಮುಖಕ್ಕೇ ಹಿಡಿದು "ಏನಪ್ಪಾ, ಇದ್ರಲ್ಲಿ ಕುಡಿಯೋ ನೀರು ಎಲ್ಲೈತೆ ತೋರ್ಸು" ಅಂದ್ರು. ಮಾಡಿದ ನನಗೇ ಸಿಗ್ಲಿಲ್ಲ. ಬಿಸಿಲಿಗೆ ಸ್ಕ್ರೀನ್ ಕಪ್ಪು, ಸ್ಯಾಟಲೈಟ್ ಫೋಟೋ ಮೇಲೆ ನೀಲಿ ಪಿನ್ನು ಕಾಣ್ತಾ ಇಲ್ಲ, ಜೂಮ್ ಮಾಡೋಕೆ ಹೋದ್ರೆ ಪೇಜೇ ಮೇಲೆ ಓಡುತ್ತೆ. ಕೊನೆಗೆ ಕೈ ತೋರಿಸಿ "ಅಗೋ ಆ ಅರಳಿಕಟ್ಟೆ ಹತ್ರ" ಅಂದೆ. ಅವರು ಹೋದ್ರು, ನನ್ನ ಮ್ಯಾಪೂ ಹೋಯ್ತು.

ಹೋದ್ ವರ್ಷ ಅದನ್ನ ಪೂರ್ತಿ ಕಿತ್ತು ಹೊಸದಾಗಿ ಮಾಡಿದೆ, ಅದು ಪರವಾಗಿಲ್ಲ ಅನ್ನೋ ಹಾಗೆ ಓಡ್ತು. ಈಗ ಅಕ್ಕಪಕ್ಕದ ಊರಿನ ಹುಡುಗರು ಹೇಗೆ ಮಾಡಿದ್ರಿ ಅಂತ ಕೇಳ್ತಾ ಇದಾರೆ, ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಇಲ್ಲೇ ಬರ್ದು ಹಾಕ್ತೀನಿ. ಜಾತ್ರೆ ಅಂತಲ್ಲ, ಮದುವೆ, ಸಮ್ಮೇಳನ, ಕೆರೆ ಸುತ್ತ ನಡಿಗೆ, ಯಾವುದಕ್ಕಾದ್ರೂ ಇದೇ ದಾರಿ. ಕೋಡಿಂಗ್ ಬರ್ಬೇಕಿಲ್ಲ.

1. ಮ್ಯಾಪ್ ಸೈಟ್ ತೆಗೆಯೋಕೆ ಮುಂಚೆ ಮೈಕ್ ಅಣ್ಣನ್ನ ಹುಡುಕಿ

ಪ್ರತಿ ಜಾತ್ರೆಲೂ ಒಂದು ಪೆಂಡಾಲಲ್ಲಿ ಒಬ್ಬರು ಮೈಕ್ ಹಿಡ್ಕೊಂಡು ಕೂತಿರ್ತಾರಲ್ಲ, ಮಗು ಕಳೆದೋಗಿದೆ, ಬಿಳಿ ಬಣ್ಣದ ಕಾರು ಅಡ್ಡ ನಿಲ್ಸಿದಾರೆ ತೆಗೀರಿ ಅಂತ ಕೂಗ್ತಾ, ಅವರ ಹತ್ರ ಹೋಗಿ ಜನ ನಿಮ್ಮನ್ನ ಏನೇನು ಕೇಳ್ತಾರೆ ಅಂತ ಕೇಳಿ. ಅಷ್ಟೇ. ಇದಕ್ಕಿಂತ ಒಳ್ಳೇ ಯೂಸರ್ ರಿಸರ್ಚ್ ನನಗೆ ಗೊತ್ತಿಲ್ಲ. ನಮ್ಮೂರ ಮೈಕ್ ಅಣ್ಣ ಉಸಿರು ಬಿಡದೆ ಹೇಳಿದ್ದು ಏಳು ಪ್ರಶ್ನೆ: ಗಾಡಿ ಎಲ್ಲಿ ನಿಲ್ಸೋದು, ಊಟ ಎಲ್ಲಿ, ನೀರು ಎಲ್ಲಿ, ಟಾಯ್ಲೆಟ್ ಎಲ್ಲಿ, ಮುಡಿ ಕೊಡೋದು ಎಲ್ಲಿ, ತೇರು ಎಷ್ಟೊತ್ತಿಗೆ ಯಾವ ಬೀದೀಲಿ ಬರುತ್ತೆ, ವಾಪಸ್ ಹೋಗೋ ಬಸ್ಸು ಎಲ್ಲಿ ನಿಲ್ಲುತ್ತೆ.

ನನ್ನ ಹಳೇ ಮ್ಯಾಪಲ್ಲಿ ಏನಿತ್ತು ಗೊತ್ತಾ? ದಾನಿಗಳ ಅಂಗಡಿಗಳು, ಎರಡು ಬ್ಯಾಂಕು, ನಾಲ್ಕು ಮೊಬೈಲ್ ಟವರ್, ಪಂಚಾಯ್ತಿ ಆಫೀಸು, ಹೈಸ್ಕೂಲು. ಏಳು ಪ್ರಶ್ನೇಲಿ ಒಂದಕ್ಕೂ ಉತ್ತರ ಅಲ್ಲದ ಪಿನ್ನನ್ನೆಲ್ಲ ತೆಗೆದಾಗ 64 ಹೋಗಿ 19 ಉಳೀತು. ದಾನಿಗಳು ಬೇಜಾರು ಮಾಡ್ಕೊಂಡ್ರು, ಅವರ ಹೆಸರು ಮ್ಯಾಪಿನ ಕೆಳಗೆ ಪಟ್ಟಿ ಮಾಡಿ ಹಾಕಿದ್ವಿ, ಸಮಾಧಾನ ಆಯ್ತು. ಈ ಪಂಚಾಯ್ತಿ ನಿಮ್ಮೂರಲ್ಲೂ ಇರುತ್ತೆ, ಮೊದಲೇ ಮುಗಿಸ್ಕೊಳ್ಳಿ.

2. ಯಾವ ಟೂಲು

ಜಾಸ್ತಿ ಯೋಚ್ನೆ ಬೇಡ. ಗೂಗಲ್ ಮೈ ಮ್ಯಾಪ್ಸ್ ಇದೆ, ಒಂದು ಮ್ಯಾಪಿಗೆ 10 ಲೇಯರ್ ಅಂದ್ರೆ ಪದರ ಹಾಕಬಹುದು, ಒಂದೊಂದು ಲೇಯರಲ್ಲೂ 2000 ಜಾಗ, ಜಾತ್ರೆಗೆ ಧಾರಾಳ ಸಾಕು. ಇನ್ನೊಂದು ಯುಮ್ಯಾಪ್, ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಕಟ್ಟಿರೋದು, ಫ್ರೀ, ಅಕೌಂಟ್ ಕೂಡ ಬೇಡ. ನಾನು ಇದನ್ನೇ ಬಳಸೋದು ಯಾಕಂದ್ರೆ ನಮ್ಮೂರಂಥ ಊರಿನ ಸಂದಿಗೊಂದಿನ ದಾರಿ ಎಲ್ಲೂ ಇಲ್ದೇ ಇದ್ರೆ ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ನಾವೇ ಎಳೆದು ಸೇರಿಸಬಹುದು. 2004ರಲ್ಲಿ ಇಂಗ್ಲೆಂಡಲ್ಲಿ ಸ್ಟೀವ್ ಕೋಸ್ಟ್ ಅನ್ನೋರು ಶುರು ಮಾಡಿದ್ದು ಅದು, ಯಾರು ಬೇಕಾದ್ರೂ ತಿದ್ದಬಹುದು. ಒಂದು ಷರತ್ತು, ಮೂಲೇಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕಾಂಟ್ರಿಬ್ಯೂಟರ್ಸ್ ಅಂತ ಸಣ್ಣದಾಗಿ ಬರುತ್ತಲ್ಲ, ಅದನ್ನ ಮುಚ್ಚೋದು ತೆಗೆಯೋದು ಮಾಡ್ಬೇಡಿ, ಅದು ಲೈಸೆನ್ಸು.

ಸ್ವಲ್ಪ ಕೋಡ್ ಬರೋರಿಗೆ ಲೀಫ್ಲೆಟ್ ಸಾಕು, ವೆಬ್ ಪೇಜಲ್ಲಿ ಮ್ಯಾಪ್ ತೋರ್ಸೋ ರೆಡಿಮೇಡ್ ಕೋಡ್ ಅದು. ಯುಮ್ಯಾಪ್ ಒಳಗೆ ಓಡೋದೂ ಅದೇ.

3. ಜಾಗ ಗುರುತು ಮಾಡ್ಕೊಂಡು ಬರೋದು

ಕಂಪ್ಯೂಟರ್ ಮುಂದೆ ಕೂತು ಪಿನ್ ಹಾಕ್ಬೇಡಿ, ಚಪ್ಪಲಿ ಹಾಕ್ಕೊಂಡು ಹೊರಡಿ. ಟಾಯ್ಲೆಟ್ ಬಾಗ್ಲಲ್ಲಿ ನಿಂತು ಫೋನಲ್ಲಿ ಲೊಕೇಶನ್ ತಗೊಳ್ಳಿ, ಎಕ್ಸೆಲ್ ಶೀಟಲ್ಲಿ ಹೆಸರು, ಅಕ್ಷಾಂಶ, ರೇಖಾಂಶ ಅಂತ ಮೂರು ಕಾಲಂ ಮಾಡಿ ತುಂಬ್ಕೊಳ್ಳಿ, ಆಮೇಲೆ ಒಟ್ಟಿಗೆ ಇಂಪೋರ್ಟ್ ಮಾಡಬಹುದು.

ಇಲ್ಲಿ ಎರಡು ತಪ್ಪು ಎಲ್ರೂ ಮಾಡ್ತಾರೆ. ಒಂದು, ದಶಾಂಶ ಬಿಂದು ಆದ್ಮೇಲೆ ಎಷ್ಟು ಅಂಕಿ ಇಟ್ಕೋಬೇಕು ಅನ್ನೋದು. ಅಕ್ಷಾಂಶದಲ್ಲಿ ಎರಡೇ ಅಂಕಿ ಇಟ್ರೆ ಅದರ ಹೆಜ್ಜೆ 1.1 ಕಿಲೋಮೀಟರ್, ಮೂರು ಅಂದ್ರೆ 110 ಮೀಟರ್, ನಾಲ್ಕು ಅಂದ್ರೆ 11 ಮೀಟರ್, ಐದು ಇದ್ರೆ ಹೆಚ್ಚು ಕಮ್ಮಿ ಒಂದು ಮೀಟರ್. ನಮ್ಮ ಹುಡುಗನೊಬ್ಬ ಎಕ್ಸೆಲ್ಲಲ್ಲಿ ನೀಟಾಗಿ ಕಾಣ್ಲಿ ಅಂತ ಎಲ್ಲಾನೂ ಎರಡು ಅಂಕಿಗೆ ರೌಂಡ್ ಮಾಡಿ ಕೊಟ್ಟಿದ್ದ, ಟಾಯ್ಲೆಟ್ಟೂ ಅನ್ನದಾನದ ಜಾಗವೂ ಒಂದೇ ಪಿನ್ನಾಗಿ ಯಾರದೋ ರಾಗಿ ಹೊಲದಲ್ಲಿ ಹೋಗಿ ಕೂತಿತ್ತು. ಐದು ಅಂಕಿ ಇಟ್ಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ, ಫೋನಿನ ಜಿಪಿಎಸ್ಸೇ ಅಷ್ಟು ನಿಖರ ಇರಲ್ಲ.

ಎರಡನೇದು ಯಾವುದು ಮುಂದೆ ಯಾವುದು ಹಿಂದೆ ಅನ್ನೋದು. ಲೀಫ್ಲೆಟ್ಟು ಅಕ್ಷಾಂಶ ಮೊದಲು ಕೇಳುತ್ತೆ, ಜಾಗಗಳ ವಿವರ ಇಡೋ ಜಿಯೋಜೇಸನ್ ಅನ್ನೋ ಫೈಲಲ್ಲಿ ರೇಖಾಂಶ ಮೊದಲು. ಬೆಂಗಳೂರು 12.97, 77.59. ಇದನ್ನ ತಿರುಗಾ ಮುರುಗಾ ಮಾಡಿದ್ರೆ ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪದ ಪಕ್ಕದ ಸಮುದ್ರಕ್ಕೆ ಬೀಳುತ್ತೆ. ಕರ್ನಾಟಕದ ಯಾವ ಊರು ಹಾಕಿ ಉಲ್ಟಾ ಮಾಡಿದ್ರೂ ಆ ಹಿಮದ ಕಡೇನೇ ಹೋಗೋದು, ಅದಕ್ಕೇ ಇಂಪೋರ್ಟ್ ಮಾಡಿದ್ಮೇಲೆ ಮ್ಯಾಪಲ್ಲಿ ಏನೂ ಕಾಣ್ಲಿಲ್ಲ ಅಂದ್ರೆ ಗಾಬರಿ ಬೀಳ್ಬೇಡಿ, ಪೂರ್ತಿ ಜೂಮ್ ಔಟ್ ಮಾಡಿ ಮೇಲ್ಗಡೆ ನೋಡಿ, ನಿಮ್ಮ ದೇವಸ್ಥಾನ ಅಲ್ಲೇ ಎಲ್ಲೋ ತೇಲ್ತಾ ಇರುತ್ತೆ.

4. ಹಿಂದಿನ ಮ್ಯಾಪು ತಣ್ಣಗಿರ್ಲಿ, ಜೂಮಿಗೆ ಬೇಲಿ ಹಾಕಿ

ಸ್ಯಾಟಲೈಟ್ ಫೋಟೋ ಹಾಕೋ ಆಸೆ ಎಲ್ರಿಗೂ ಇರುತ್ತೆ, ನಮ್ಮನೆ ಕಾಣುತ್ತೆ ನೋಡು ಅಂತ. ಆದ್ರೆ ಅದರಲ್ಲಿ ಮರದ ಕಪ್ಪು ಹಸಿರು, ಹೆಂಚಿನ ಕಂದು, ಕೆರೆ ಬೂದು ಎಲ್ಲ ಮೊದಲೇ ತುಂಬಿರುತ್ತೆ, ಅದರ ಮೇಲೆ ನೀವು ಏನು ಇಟ್ರೂ ಮುಳುಗುತ್ತೆ. ಯುಮ್ಯಾಪಲ್ಲಿ ಹಿನ್ನೆಲೆ ಬದಲಾಯಿಸೋ ಜಾಗದಲ್ಲಿ ತೆಳು ಬೂದು ಬಣ್ಣದ್ದು ಸಿಗುತ್ತೆ, ಅದನ್ನ ಆರಿಸ್ಕೊಳ್ಳಿ. ಸಾರಿಸಿದ ನೆಲದ ಮೇಲೆ ರಂಗೋಲಿ ಎದ್ದು ಕಾಣುತ್ತಲ್ಲ, ಹಾಗೆ.

ಇನ್ನು ಜೂಮು. ಆನ್‌ಲೈನ್ ಮ್ಯಾಪು ಅಂದ್ರೆ 256 ಪಿಕ್ಸೆಲ್ ಅಗಲ ಎತ್ತರದ ಚೌಕಗಳು, ಟೈಲ್ ಅಂತಾರೆ. ಜೂಮ್ ಸೊನ್ನೆಯಲ್ಲಿ ಇಡೀ ಪ್ರಪಂಚಕ್ಕೆ ಒಂದೇ ಟೈಲು, ಒಂದೊಂದು ಹಂತ ಒಳಗೆ ಹೋದ್ರೂ ನಾಲ್ಕರಷ್ಟು ಆಗ್ತಾ ಹೋಗಿ ಜೂಮ್ 18ಕ್ಕೆ ಬರೋ ಹೊತ್ತಿಗೆ 6,871 ಕೋಟಿ ದಾಟುತ್ತೆ. ನಮಗೆ ಬೇಕಾಗಿರೋದು ಸಣ್ಣ ಲೆಕ್ಕ: ನಮ್ಮ ಬೆಂಗಳೂರು ಮೈಸೂರು ಅಕ್ಷಾಂಶದಲ್ಲಿ, ವೆಬ್ ಲೆಕ್ಕದಲ್ಲಿ 360 ಪಿಕ್ಸೆಲ್ ಅಗಲದ ಮಾಮೂಲಿ ಫೋನಲ್ಲಿ, ಜೂಮ್ 16 ಇಟ್ರೆ ಸ್ಕ್ರೀನಿನ ಈ ಅಂಚಿಂದ ಆ ಅಂಚಿಗೆ ಸುಮಾರು 840 ಮೀಟರ್ ಕಾಣುತ್ತೆ. ಜೂಮ್ 15 ಅಂದ್ರೆ ಅದರ ಎರಡರಷ್ಟು, 17 ಅಂದ್ರೆ ಅರ್ಧ. ನಿಮ್ಮ ಜಾತ್ರೆ ಎಷ್ಟು ದೂರ ಹರಡಿದೆ ಅಂತ ನೋಡಿ ಅದಕ್ಕೆ ತಕ್ಕ ಹಾಗೆ ತೆರೆಯೋ ಜೂಮ್ ಇಡಿ. ನಮ್ಮದು ಬಸ್ ಸ್ಟ್ಯಾಂಡಿಂದ ಕೆರೆ ಏರಿ ತನಕ ಮುಕ್ಕಾಲು ಕಿಲೋಮೀಟರ್, 16 ಅಳತೆ ತೆಗೆದು ಹೊಲಿಸಿದ ಹಾಗೆ ಕೂತ್ಕೊಂತು. ಲಿಂಕ್ ಒತ್ತಿದ ತಕ್ಷಣ ಬೇಕಾದ್ದೆಲ್ಲ ಕಾಣ್ಬೇಕು, ಬೆರಳಾಡಿಸೋ ಕೆಲಸ ಆಮೇಲೆ.

ಆ ವ್ಯಾಪ್ತಿಯಿಂದ ಆಚೆ ಹೋಗದ ಹಾಗೆ ಬೇಲಿ ಹಾಕಿಬಿಡಿ, ಯುಮ್ಯಾಪ್ ಸೆಟಿಂಗ್ಸಲ್ಲೇ ಗಡಿ ಮಿತಿ ಅಂತ ಇದೆ. ಜನ ಗೊತ್ತಿಲ್ದೆ ಎರಡು ಬೆರಳು ತಾಗಿಸಿ ಅರಬ್ಬೀ ಸಮುದ್ರಕ್ಕೆ ಹೋಗಿ ಮ್ಯಾಪ್ ಕೆಟ್ಟೋಗಿದೆ ಅಂತಾರೆ, ಅದು ತಪ್ಪುತ್ತೆ. ಇನ್ನೊಂದು ಕಾರಣ ಬಹಳ ಜನಕ್ಕೆ ಗೊತ್ತಿಲ್ಲ. 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆ ಪ್ರಕಾರ ಸರ್ಕಾರದ ನಕ್ಷೆ ಇಲಾಖೆ ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದೇ ಇರೋ ಭಾರತದ ನಕ್ಷೆ ಪ್ರಕಟಿಸಿದ್ರೆ ಆರು ತಿಂಗಳವರೆಗೂ ಜೈಲು ಅಥವಾ ದಂಡ, ಅಥವಾ ಎರಡೂ. ಹೊರದೇಶದ ಸರ್ವರಿಂದ ಬರೋ ಟೈಲುಗಳಲ್ಲಿ ಕಾಶ್ಮೀರದ ಗಡಿ ನಮ್ಮ ಅಧಿಕೃತ ನಕ್ಷೆ ಥರ ಇರಲ್ಲ. ಜಾತ್ರೆ ಮ್ಯಾಪಿಗೆ ಇಡೀ ದೇಶ ತೋರ್ಸೋ ಅಗತ್ಯ ಏನಿದೆ, ಊರಿಗೆ ಬೇಲಿ ಹಾಕಿದ್ರೆ ಆ ತಲೆನೋವು ಬರೋದೇ ಇಲ್ಲ.

5. ಹೆಸರು, ಅದರಲ್ಲೂ ಕನ್ನಡದ ಹೆಸರು

ನಾನು ಜಾಸ್ತಿ ಹೊತ್ತು ಕಳೆದಿದ್ದು ಇಲ್ಲೇ.

ಮೊದಲು ಯಾವ ಹೆಸರು ಅಂತ. ನಮ್ಮೂರಲ್ಲಿ ಪಾರ್ಕಿಂಗ್ ಮಾಡೋ ಬಯಲಿಗೆ ದಾಖಲೇಲಿ ಸರ್ವೆ ನಂಬರ್ ಇದೆ, ಅಷ್ಟೆ. ಜನ ಕರೆಯೋದು ಟೆಂಟ್ ಬಯಲು. ಟೂರಿಂಗ್ ಟಾಕೀಸ್ ಎತ್ತಂಗಡಿ ಆಗಿ ಇಪ್ಪತ್ತು ವರ್ಷದ ಮೇಲಾಯ್ತು, ಹೆಸರು ಮಾತ್ರ ಅಲ್ಲೇ ಇದೆ. ಊರಿನವರು ದಾರಿ ಹೇಳೋವಾಗ ಅದನ್ನೇ ಹೇಳೋದು, ಮ್ಯಾಪಲ್ಲಿ ಇನ್ನೇನೋ ಇದ್ರೆ ಬಂದವರು ಇಬ್ಬರ ಮಧ್ಯೆ ಸಿಕ್ಕಾಕೊಂತಾರೆ. ಹಾಗಾಗಿ ಬಾಯಲ್ಲಿರೋ ಹೆಸರೇ ಮ್ಯಾಪಲ್ಲೂ ಇರ್ಲಿ. ಅರಳಿಕಟ್ಟೆ, ಮೂಡಲ ಬಾಗಿಲು, ಹಾಲಿನ ಡೈರಿ, ಹಳೇ ಗಿರಣಿ, ಈ ಥರ ನಾಲ್ಕೈದು ಗುರುತು ಕೂಡ ಬೂದು ಬಣ್ಣದಲ್ಲಿ ಹಾಕಿ, ಏಳು ಪ್ರಶ್ನೆಗೆ ಉತ್ತರ ಅಲ್ದಿದ್ರೂ ಅವು ಬೇಕು, ಯಾಕಂದ್ರೆ ನಾವು ಯಾರೂ ರೋಡಿನ ಹೆಸರು ಹೇಳಿ ದಾರಿ ತೋರ್ಸೋ ಜನ ಅಲ್ಲ.

ಆಮೇಲೆ ಉದ್ದ. ಕಮಿಟಿ ಸೆಕ್ರೆಟರಿಯವರು ಕೊಟ್ಟ ಪಟ್ಟೀಲಿ "ಸಾರ್ವಜನಿಕ ಶೌಚಾಲಯ ಸಂಕೀರ್ಣ", "ವಾಹನ ನಿಲುಗಡೆ ಸ್ಥಳ", "ಪ್ರಥಮ ಚಿಕಿತ್ಸಾ ಕೇಂದ್ರ" ಅಂತೆಲ್ಲ ಇತ್ತು. ಅಚ್ಚಗನ್ನಡ ಗಿಚ್ಚಗನ್ನಡದ ಜಗಳ ಇನ್ನೊಂದು ದಿನ ಮಾಡೋಣ, 360 ಪಿಕ್ಸೆಲಲ್ಲಿ ಆ ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ವು. ಟಾಯ್ಲೆಟ್, ಪಾರ್ಕಿಂಗ್, ಡಾಕ್ಟ್ರು, ಊಟ, ನೀರು, ಮುಡಿ, ಬಸ್ಸು. ಎಲ್ಲ ಒಂದೊಂದೇ ಪದ.

ಈಗ ಅಕ್ಷರ. ಇಂಗ್ಲಿಷಿಗೆ ಸರಿಯಾಗೋ ಸೈಜು ಕನ್ನಡಕ್ಕೆ ಆಗಲ್ಲ. ನಮ್ಮ ಅಕ್ಷರ ಗುಂಡು ಗುಂಡು, ಒಳಗೆ ಸಣ್ಣ ಸಣ್ಣ ಖಾಲಿ ಜಾಗ, ಮೇಲೆ ಗುಣಿತ, ಕೆಳಗೆ ಒತ್ತು. 12 ಪಿಕ್ಸೆಲಲ್ಲಿ ಬೋಲ್ಡ್ ಮಾಡಿ ನೋಡಿ, ಆ ಖಾಲಿ ಜಾಗ ಎಲ್ಲ ತುಂಬ್ಕೊಂಡು ಥ ಯಾವುದು ಧ ಯಾವುದು ದ ಯಾವುದು ಗೊತ್ತಾಗಲ್ಲ, ನಮ್ಮ ರಥಬೀದಿ ಮೊದಲ ಸಲ ರದಬೀದಿ ಥರಾನೇ ಕಾಣ್ತಿತ್ತು. 15 ಅಥವಾ 16 ಪಿಕ್ಸೆಲ್ ಇಡಿ, ಬೋಲ್ಡ್ ಬೇಡ ಇಲ್ಲಾಂದ್ರೆ ಅರೆ ಬೋಲ್ಡ್ ಸಾಕು, ಸಾಲಿನ ಎತ್ತರ ಅಕ್ಷರದ ಒಂದೂವರೆಯಷ್ಟಾದ್ರೂ ಇರ್ಲಿ, ಇಲ್ದಿದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಏತ್ವಕ್ಕೆ ಹೋಗಿ ಗುದ್ದುತ್ತೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಫ್ರೀ, ಚೆನ್ನಾಗಿದೆ. ಅಕ್ಷರದ ಸುತ್ತ ತೆಳು ಬಿಳಿ ಅಂಚು ಕೊಡಿ, ಹಿಂದೆ ರಸ್ತೆ ಗೆರೆ ಹಾದು ಹೋದ್ರೂ ಓದೋಕೆ ಬರುತ್ತೆ.

ಇನ್ನೊಂದು ಗುಂಡಿ ಇದೆ, ಬೀಳ್ಬೇಡಿ. ಚಿತ್ರದ ಟೈಲ್ ಅಲ್ಲದೆ ವೆಕ್ಟರ್ ಟೈಲ್ ಅಂತ ಬರುತ್ತೆ, ಅದರಲ್ಲಿ ಗೆರೆ ಹೆಸರು ಎಲ್ಲ ಫೋನೇ ಬರ್ಕೊಳ್ಳುತ್ತೆ, ನುಣುಪಾಗಿ ಜೂಮ್ ಆಗುತ್ತೆ, ನೋಡೋಕೆ ಚೆಂದ. ಆದ್ರೆ ಅದನ್ನ ಬರೆದು ತೋರಿಸೋ ಕೋಡಲ್ಲಿ ಅಕ್ಷರಗಳನ್ನ ಒಂದೊಂದಾಗಿ ಬಿಡಿಸಿ ಜೋಡಿಸೋ ಕ್ರಮ ಇತ್ತು, ಇಂಗ್ಲಿಷಿಗೆ ಅದು ಸಾಕು, ಕನ್ನಡದ ಒತ್ತಕ್ಷರ ಅದರಲ್ಲಿ ಸೇರ್ಕೊಳ್ಳಲ್ಲ. ಚಿಕ್ಕಬಳ್ಳಾಪುರ ಅನ್ನೋದು ಚಿಕ್‌ಕಬಳ್‌ಳಾಪುರ ಆಗಿ ಬರುತ್ತೆ. ಹಾಗಾಗಿ ಯಾವ ಟೂಲ್ ಆರಿಸಿದ್ರೂ ಮೊದಲು ಒತ್ತಕ್ಷರ ಇರೋ ಮೂರು ಹೆಸರು ಹಾಕಿ ನೋಡಿ. ಚಿಕ್ಕಬಳ್ಳಾಪುರ, ಶ್ರವಣಬೆಳಗೊಳ, ಕೃಷ್ಣರಾಜಪೇಟೆ ಈ ಮೂರೂ ಸರಿಯಾಗಿ ಬಂತು ಅಂದ್ರೆ ಮಿಕ್ಕಿದ್ದೂ ಬರುತ್ತೆ. ಬರ್ಲಿಲ್ಲ ಅಂದ್ರೆ ಚಿತ್ರದ ಟೈಲ್ ಹಾಕಿ, ಹೆಸರನ್ನ ನಿಮ್ಮ ಪಿನ್ನಿನ ಲೇಬಲಾಗಿ ಬರೀರಿ, ಅದನ್ನ ಬ್ರೌಸರೇ ಬರೆಯೋದ್ರಿಂದ ಸರಿ ಇರುತ್ತೆ.

6. ಪಿನ್ನು, ಬಣ್ಣ

ಒಂಬತ್ತು ಬಣ್ಣ ಹಾಕಿ ಪಕ್ಕದಲ್ಲಿ ಒಂದು ಸೂಚಿ ಬಾಕ್ಸ್ ಇಟ್ಟಿದ್ದೆ, ಕೆಂಪು ಅಂದ್ರೆ ಇದು, ಕಿತ್ತಳೆ ಅಂದ್ರೆ ಅದು ಅಂತ. ಫೋನಲ್ಲಿ ಆ ಬಾಕ್ಸ್ ಒಂದು ಗುಂಡಿ ಹಿಂದೆ ಅಡಗಿ ಕೂತಿತ್ತು, ಯಾರೂ ಅದನ್ನ ಒತ್ತಿ ನೋಡ್ಲಿಲ್ಲ. ಒತ್ತಿದ್ರೂ ಬಾಯಿಪಾಠ ಮಾಡ್ಕೊಂಡು ವಾಪಸ್ ಬಂದು ಹುಡುಕ್ಬೇಕು, ಯಾರಿಗೆ ಬೇಕು ಅದೆಲ್ಲ. ಪಿನ್ ಪಕ್ಕದಲ್ಲೇ ಹೆಸರು ಬರೆದ್ರೆ ಸೂಚಿ ಬಾಕ್ಸೇ ಬೇಡ. ಬಣ್ಣ ಮೂರೇ ಇಟ್ಟೆ: ಹೊಟ್ಟೆ ಮೈ ಕೈ ವಿಷಯಕ್ಕೆಲ್ಲ ಅಂದ್ರೆ ಊಟ ನೀರು ಟಾಯ್ಲೆಟ್ ಡಾಕ್ಟ್ರಿಗೆ ಕಡು ನೀಲಿ, ಗಾಡಿ ಬಸ್ಸಿಗೆ ಕಪ್ಪು, ದೇವರ ಕೆಲಸಕ್ಕೆ ಕಡು ಕೆಂಪು. ಒಳಗೆ ಚಿತ್ರ ಬೇರೆ ಬೇರೆ, ಹನಿ, ತಟ್ಟೆ, ಬಸ್ಸು.

ಕೆಂಪು ಹಸಿರು ಒಟ್ಟಿಗೆ ಹಾಕೋರು ಸ್ವಲ್ಪ ನಿಲ್ಲಿ. ತೇರಿನ ಹೊತ್ತಿಗೆ ಮುಚ್ಚಿರೋ ರಸ್ತೆ ಕೆಂಪು ಗೆರೆ, ತೆರೆದಿರೋದು ಹಸಿರು ಗೆರೆ ಅಂತ ಹಾಕಿದ್ದೆ, ನಮ್ಮ ಸೋದರಮಾವನಿಗೆ ತೋರ್ಸಿದ್ರೆ "ಎರಡೂ ಒಂದೇ ಥರ ಕಂದು ಕಣೋ" ಅಂದ್ರು. ನಲವತ್ತು ವರ್ಷದಿಂದ ನೋಡ್ತಿರೋ ಮಾವನಿಗೆ ಆ ಎರಡು ಬಣ್ಣದ ವ್ಯತ್ಯಾಸ ಕಾಣಲ್ಲ ಅನ್ನೋದೇ ನನಗೆ ಅವತ್ತು ಗೊತ್ತಾಗಿದ್ದು. ಉತ್ತರ ಯೂರೋಪ್ ಮೂಲದ ಗಂಡಸರಲ್ಲಿ ಇದು ಸುಮಾರು 8% ಅಂತ ಲೆಕ್ಕ, ಹೆಂಗಸರಲ್ಲಿ ಬಹಳ ಕಮ್ಮಿ. ಈಗ ಮುಚ್ಚಿದ ರಸ್ತೆಗೆ ದಪ್ಪ ಕಪ್ಪು ತುಂಡು ಗೆರೆ, ಮೇಲೆ "12ರಿಂದ 4 ಬಂದ್" ಅಂತ ಬರಹ. ಬಣ್ಣ ಕಾಣದೇ ಇರೋರಿಗೂ ಗೊತ್ತಾಗುತ್ತೆ. ಪರೀಕ್ಷೆ ಸುಲಭ: ಸ್ಕ್ರೀನ್‌ಶಾಟ್ ತೆಗೆದು ಕಪ್ಪು ಬಿಳುಪು ಮಾಡಿ, ಆಗಲೂ ಅರ್ಥ ಆದ್ರೆ ಗೆದ್ರಿ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಅಂದ್ರೆ ತಿಳಿ ಕಡು ವ್ಯತ್ಯಾಸ 4.5:1 ಆದ್ರೂ ಇರ್ಬೇಕು ಅಂತ ವೆಬ್ ಸುಲಭಬಳಕೆಯ ನಿಯಮ ಹೇಳುತ್ತೆ, ಬಿಸಿಲಿಗೆ ಅದೂ ಸಾಲ್ದು, ಇನ್ನೂ ಜಾಸ್ತಿ ಇಡಿ.

ನೀವೇ ಡಿಸೈನ್ ಮಾಡಿದ ಐಕಾನ್ ಹಾಕ್ತೀರಾ ಅಂದ್ರೆ ಅದರ ಮೊನೆ ಎಲ್ಲಿದೆ ಅಂತ ಹೇಳೋದನ್ನ ಮರೀಬೇಡಿ. ಲೀಫ್ಲೆಟ್ಟಿನ ಮಾಮೂಲಿ ಪಿನ್ 25 ಪಿಕ್ಸೆಲ್ ಅಗಲ 41 ಎತ್ತರ, ಅದರ ಮೊನೆ 12, 41ರಲ್ಲಿ ಅಂತ ಬರೆದಿರ್ತಾರೆ. ಹೊಸ ಐಕಾನಿಗೆ ಅದನ್ನ ಕೊಡ್ಲಿಲ್ಲ ಅಂದ್ರೆ ಚಿತ್ರದ ನಡುವೋ ಮೂಲೆನೋ ಜಾಗದ ಮೇಲೆ ಕೂರುತ್ತೆ, ಜೂಮ್ ಔಟ್ ಮಾಡ್ತಾ ಹೋದ ಹಾಗೆ ಪಿನ್ನು ಕಾಲು ಬಂದ ಹಾಗೆ ಕೆರೆ ಕಡೆ ನಡೀತಾ ಹೋಗುತ್ತೆ.

ಪಿನ್ ಅಲ್ಲ, ಜಿಲ್ಲೆ ತಾಲೂಕಿಗೆ ಬಣ್ಣ ತುಂಬೋ ಮ್ಯಾಪ್ ಮಾಡ್ತೀವಿ ಅನ್ನೋರಿಗೂ ಒಂದು ಮಾತು. ಬರೀ ಸಂಖ್ಯೆ ತಗೊಂಡು ಬಣ್ಣ ಹಾಕ್ಬೇಡಿ. 2011ರ ಜನಗಣತಿ ಪ್ರಕಾರ ಬೆಂಗಳೂರು ನಗರ ಜಿಲ್ಲೇಲಿ 96 ಲಕ್ಷ ಜನ, ಕೊಡಗಲ್ಲಿ ಐದೂವರೆ ಲಕ್ಷ. ಶಾಲೆ, ಬೈಕು, ಹೋಟ್ಲು, ಯಾವುದರ ಸಂಖ್ಯೆ ಹಾಕಿದ್ರೂ ಬೆಂಗಳೂರೇ ಕಡು ಬಣ್ಣ, ಮಿಕ್ಕಿದ್ದೆಲ್ಲ ತೆಳು, ಅದು ಜನಸಂಖ್ಯೆ ಮ್ಯಾಪೇ ಆಯ್ತು. ಶೇಕಡಾ ಲೆಕ್ಕಕ್ಕೆ ತಿರುಗಿಸಿ. ಸಾಕ್ಷರತೆ ತಗೊಂಡ್ರೆ ದಕ್ಷಿಣ ಕನ್ನಡ 88.57%, ಯಾದಗಿರಿ 51.83%, ಆಗ ನೋಡಿ ಕರಾವಳಿಯಿಂದ ಕಲ್ಯಾಣ ಕರ್ನಾಟಕದ ಕಡೆಗೆ ಬಣ್ಣ ಹೇಗೆ ಇಳೀತಾ ಹೋಗುತ್ತೆ ಅಂತ. ಇನ್ನೂ ಒಂದು ಮೋಸ ಇದೆ, ಉತ್ತರ ಕನ್ನಡ ಹತ್ತು ಸಾವಿರ ಚದರ ಕಿಲೋಮೀಟರ್ ದಾಟಿದ ಜಿಲ್ಲೆ, ಮುಕ್ಕಾಲು ಪಾಲು ಕಾಡು, ಮ್ಯಾಪಲ್ಲಿ ಅದು ಬೆಂಗಳೂರು ನಗರದ ನಾಲ್ಕೈದರಷ್ಟು ದೊಡ್ಡದಾಗಿ ಕಾಣುತ್ತೆ, ಜನ ಮಾತ್ರ ಅಲ್ಲಿಗಿಂತ ಎಷ್ಟೋ ಕಮ್ಮಿ. ಬಣ್ಣದ ಹಂತ ಐದಕ್ಕಿಂತ ಜಾಸ್ತಿ ಬೇಡ, ತೆಳುವಿಂದ ಕಡುವಿಗೆ ಒಂದೇ ಬಣ್ಣ. ಸಿಂಥಿಯಾ ಬ್ರೂವರ್ ಅನ್ನೋ ಅಮೆರಿಕದ ನಕ್ಷೆ ಪ್ರೊಫೆಸರ್ ಮಾಡಿದ ಕಲರ್‌ಬ್ರೂವರ್ ಅಂತ ಒಂದು ಫ್ರೀ ಸೈಟ್ ಇದೆ, ಬಣ್ಣಗುರುಡು ಇರೋರಿಗೂ ಕಾಣೋ ಬಣ್ಣ ಅದೇ ಆರಿಸಿ ಕೊಡುತ್ತೆ.

7. ಬೆರಳು

ಒಂದು ಕೈಲಿ ಮಗು, ಇನ್ನೊಂದು ಕೈಲಿ ಫೋನು, ಹೆಬ್ಬೆರಳಲ್ಲಿ ಒತ್ತೋದು. ಹಾಗೆ ಅಂದ್ಕೊಂಡೇ ಮಾಡಿ. ಒತ್ತೋ ಜಾಗ ಆಪಲ್ ಪ್ರಕಾರ 44, ಗೂಗಲ್ ಪ್ರಕಾರ 48 ಪಾಯಿಂಟಿನಷ್ಟು ಅಗಲ ಇರ್ಬೇಕು. ಎರಡು ಪಿನ್ ಒಂದಕ್ಕೊಂದು ಅಂಟಿದ್ರೆ ನೀವೇ ಸ್ವಲ್ಪ ಆಚೀಚೆ ಸರಿಸಿ, ನೀರಿನ ಟ್ಯಾಂಕು ಹತ್ತು ಮೀಟರ್ ಪಕ್ಕಕ್ಕೆ ತೋರ್ಸಿದ್ರೆ ಯಾರೂ ಬಾಯಾರಿ ಸಾಯಲ್ಲ. 19 ಪಿನ್ನಿಗೆ ಗುಂಪು ಮಾಡಿ ಮೇಲೆ ನಂಬರ್ ತೋರ್ಸೋ ಕ್ಲಸ್ಟರ್ ಹಾಕ್ಬೇಡಿ, ಅದು ಸಾವಿರಗಟ್ಟಲೆ ಇದ್ದಾಗ.

ಪಿನ್ ಒತ್ತಿದ್ರೆ ಬರೋ ಬಾಕ್ಸಲ್ಲಿ ಎರಡು ಸಾಲು. "ಊಟ. ಮಧ್ಯಾಹ್ನ 12ರಿಂದ 4, ಹಾಲಿನ ಡೈರಿ ಹಿಂದೆ." ಅಷ್ಟೇ. ಆರೇಳು ಎಂಬಿ ಫೋಟೋ ಹಾಕಿದ್ರೆ ಜಾತ್ರೆ ನೆಟ್‌ವರ್ಕಲ್ಲಿ ಅದು ತೆರೆಯೋ ಹೊತ್ತಿಗೆ ಊಟ ಮುಗಿದಿರುತ್ತೆ.

ವೆಬ್ ಪೇಜಿನ ಮಧ್ಯೆ ಮ್ಯಾಪ್ ಅಂಟಿಸೋರು ಇನ್ನೊಂದು ನೋಡ್ಕೊಳ್ಳಿ: ಜನ ಪೇಜನ್ನ ಕೆಳಗೆ ಎಳೆಯೋಕೆ ಹೋಗ್ತಾರೆ, ಬೆರಳು ಮ್ಯಾಪ್ ಮೇಲೆ ಬಿದ್ದು ಮ್ಯಾಪ್ ಎಳೆದೋಗುತ್ತೆ, ಪೇಜು ಅಲ್ಲೇ ಇರುತ್ತೆ. ಒಂದು ಬೆರಳಿಗೆ ಪೇಜು, ಎರಡು ಬೆರಳಿಗೆ ಮ್ಯಾಪು ಅನ್ನೋ ಸೆಟಿಂಗ್ ಕೆಲವು ಟೂಲಲ್ಲಿ ಇರುತ್ತೆ, ಇದ್ರೆ ಅದನ್ನ ಹಾಕಿ. ಅದಕ್ಕಿಂತ ಒಳ್ಳೇದು ಮ್ಯಾಪಿಗೆ ಪೂರ್ತಿ ಸ್ಕ್ರೀನ್ ಕೊಟ್ಟು ಬೇರೆ ಲಿಂಕೇ ಕೊಡೋದು. ನಾನೆಲ್ಲಿದೀನಿ ಅಂತ ತೋರ್ಸೋ ಗುಂಡಿ ಕೆಳಗಡೆ ಬಲಮೂಲೇಲಿ ಹೆಬ್ಬೆರಳಿಗೆ ಸಿಗೋ ಕಡೆ ಇರ್ಲಿ, ಅದು ಕೆಲಸ ಮಾಡ್ಬೇಕು ಅಂದ್ರೆ ಪೇಜಿನ ವಿಳಾಸ https ಅಂತ ಶುರುವಾಗೋ ಸುರಕ್ಷಿತ ಕನೆಕ್ಷನ್ ಇರ್ಲೇಬೇಕು.

8. ಐದು ಜನಕ್ಕೆ ತೋರ್ಸಿ, ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ

ಮನೇಲಿ ಅಮ್ಮ, ಆಟೋ ಓಡ್ಸೋರು ಒಬ್ರು, ಹೈಸ್ಕೂಲ್ ಹುಡುಗಿ, ಬೇರೆ ಊರಿನ ನೆಂಟರು, ಕನ್ನಡಕ ಮರೆತು ಬಂದಿರೋ ಅಜ್ಜ. ಮಧ್ಯಾಹ್ನ ಬಿಸಿಲಲ್ಲಿ ಹೊರಗೆ ನಿಲ್ಸಿ ಫೋನ್ ಕೊಟ್ಟು "ಬಸ್ ಸ್ಟ್ಯಾಂಡಲ್ಲಿ ಇದೀರಿ, ಊಟಕ್ಕೆ ಹೋಗ್ಬೇಕು, ದಾರಿ ತೋರ್ಸಿ" ಅನ್ನಿ. ಚೆನ್ನಾಗಿದೆಯಾ ಅಂತ ಮಾತ್ರ ಕೇಳ್ಬೇಡಿ, ಎಲ್ರೂ ಚೆನ್ನಾಗಿದೆ ಅಂತಾನೇ ಅನ್ನೋದು. ಬೆರಳು ಎಲ್ಲಿ ತಡೀತು ಅಂತ ನೋಡಿ. ನಡುವೆ ಹೇಳ್ಕೊಡಬೇಕು ಅನ್ಸುತ್ತೆ, ನಾಲಿಗೆ ಕಚ್ಕೊಳ್ಳಿ. ನಮ್ಮಮ್ಮ ತಟ್ಟೆ ಚಿತ್ರ ನೋಡಿ "ಇದೇನು ಗಾಡಿ ಚಕ್ರಾನಾ, ಪಂಕ್ಚರ್ ಅಂಗಡಿನಾ" ಅಂದ್ರು. ಬಾಳೆ ಎಲೆ ಚಿತ್ರ ಹಾಕಿದೆ, ಮತ್ತೆ ಯಾರೂ ಕೇಳ್ಲಿಲ್ಲ.

9. ಹಂಚೋದು, ನೆಟ್‌ವರ್ಕ್ ಬಿದ್ದೋದಾಗ

ಯುಮ್ಯಾಪಲ್ಲಿ ಅಕೌಂಟ್ ಇಲ್ದೆ ಮಾಡಿದ್ರೆ ಎರಡು ಲಿಂಕ್ ಬರುತ್ತೆ, ಒಂದು ನೋಡೋಕೆ, ಇನ್ನೊಂದು ಗುಟ್ಟಾಗಿ ತಿದ್ದೋಕೆ. ನಾನು ಅವಸರದಲ್ಲಿ ತಿದ್ದೋ ಲಿಂಕನ್ನೇ ಗ್ರೂಪಿಗೆ ಹಾಕಿಬಿಟ್ಟಿದ್ದೆ. ಸಂಜೆ ನೋಡಿದ್ರೆ ಟಾಯ್ಲೆಟ್ ಪಿನ್ನು ಕೆರೆ ನಡುವೆ. ಯಾರದೋ ಮಗು ಆಟ ಆಡಿರ್ಬೇಕು, ತಪ್ಪು ನಂದೇ.

ಕ್ಯೂಆರ್ ಕೋಡ್ ಮಾಡಿ ಬಸ್ ಸ್ಟ್ಯಾಂಡಲ್ಲಿ ಫ್ಲೆಕ್ಸ್ ಕಟ್ಟಿಸಿ. ಹತ್ತಡಿ ದೂರದಿಂದ ಸ್ಕ್ಯಾನ್ ಆಗ್ಬೇಕು ಅಂದ್ರೆ ಕೋಡು ಒಂದಡಿ ಅಗಲ ಇರ್ಲಿ, ಸುತ್ತ ಬಿಳಿ ಜಾಗ ಬಿಡ್ಸಿ, ಫ್ಲೆಕ್ಸ್ ಅಂಗಡಿಯೋರು ಅದರ ಮೇಲೂ ಹೂವಿನ ಹಾರ ಹಾಕೋಕೆ ನೋಡ್ತಾರೆ.

ತೇರು ಎಳೆಯೋ ಹೊತ್ತಿಗೆ ಸಾವಿರಾರು ಫೋನು ಒಂದೇ ಟವರಿಗೆ ಬಿದ್ದು ನೆಟ್ಟು ಸತ್ತಿರುತ್ತೆ, ಆಗ ಯಾವ ಟೈಲೂ ಬರಲ್ಲ. ಅದಕ್ಕೆ ಹಿಂದಿನ ದಿನಾನೇ ವಾಟ್ಸಾಪಲ್ಲಿ ಒಂದು ಚಿತ್ರ ಬಿಡಿ. ಮ್ಯಾಪಿನ ಸ್ಕ್ರೀನ್‌ಶಾಟ್ ಅಲ್ಲ, ಕೈಲಿ ಬರೆದ ಹಾಗಿರೋ ನೇರ ಗೆರೆ ಚಿತ್ರ. 1931ರಲ್ಲಿ ಹ್ಯಾರಿ ಬೆಕ್ ಅನ್ನೋ ಡ್ರಾಫ್ಟ್ಸ್‌ಮನ್ ಲಂಡನ್ ಸುರಂಗ ರೈಲಿಗೆ ದೂರ ಅಂಕುಡೊಂಕು ಎಲ್ಲ ಬಿಟ್ಟು ನೆಟ್ಟಗೆ ಅಡ್ಡ ಉದ್ದ ಓರೆ ಗೆರೇಲೇ ಮ್ಯಾಪ್ ಬರೆದ್ರು, 1933ರಲ್ಲಿ ಅಚ್ಚಾಯ್ತು, ಇವತ್ತಿನ ಮೆಟ್ರೋ ಸ್ಟೇಷನ್ ಮ್ಯಾಪೆಲ್ಲ ಅದರ ಮೊಮ್ಮಕ್ಕಳೇ. ನಮ್ಮದೂ ಅಷ್ಟೇ, ಬಸ್ ಸ್ಟ್ಯಾಂಡಿಂದ ಒಂದು ಗೆರೆ, ಅರಳಿಕಟ್ಟೇಲಿ ಎಡಕ್ಕೆ ಊಟ, ಬಲಕ್ಕೆ ದೇವಸ್ಥಾನ, ನೇರ ಹೋದ್ರೆ ಕೆರೆ ಏರಿ. ನಿಜ ಹೇಳ್ಬೇಕು ಅಂದ್ರೆ ಹೋದ್ ವರ್ಷ ಜನ ಫಾರ್ವರ್ಡ್ ಮಾಡಿದ್ದು ಈ ಚಿತ್ರಾನೇ.

10. ಜಾತ್ರೆ ಮುಗಿದ ಮೇಲೆ

ಮ್ಯಾಪಿನ ಹೆಸರಲ್ಲಿ ವರ್ಷ ಹಾಕಿ, ಮೇಲ್ಗಡೆ "ಈ ಜಾತ್ರೆ ಮುಗಿದಿದೆ" ಅಂತ ಒಂದು ಸಾಲು ಸೇರಿಸಿ, ಇಲ್ದಿದ್ರೆ ಮುಂದಿನ ವರ್ಷ ಯಾರೋ ಹಳೇ ಲಿಂಕ್ ಹಿಡ್ಕೊಂಡು ಬರ್ತಾರೆ. ನಡೆದು ಗುರುತು ಮಾಡಿದ್ರಲ್ಲ, ಅದರಲ್ಲಿ ಕಾಯಂ ಇರೋದು, ನೀರಿನ ಟ್ಯಾಂಕು, ಟಾಯ್ಲೆಟ್, ಸಂದಿ ದಾರಿ, ಅವನ್ನ ಓಪನ್‌ಸ್ಟ್ರೀಟ್‌ಮ್ಯಾಪಿಗೂ ಸೇರಿಸಿ, ಕನ್ನಡ ಹೆಸರಿಗೆ ಅಂತ ಅದರಲ್ಲಿ ಬೇರೆ ಜಾಗನೇ ಇದೆ. ಎರಡು ದಿನದ ಪೆಂಡಾಲು ಅಂಗಡಿ ಎಲ್ಲ ಅಲ್ಲಿಗೆ ತುಂಬ್ಬೇಡಿ.

ನಾನೂ ಈ ವಾರ ಹೊಸ ಮ್ಯಾಪಿಗೆ ಕೂರ್ಬೇಕು. ಟೆಂಟ್ ಬಯಲಲ್ಲಿ ಯಾರೋ ಸೈಟ್ ಮಾಡಿ ಕಲ್ಲು ನೆಟ್ಟಿದಾರೆ, ಪಾರ್ಕಿಂಗ್ ಎಲ್ಲಿ ಅಂತ ಕಮಿಟಿಯೋರು ಇನ್ನೂ ಬಾಯಿ ಬಿಟ್ಟಿಲ್ಲ, ಆ ಒಂದು ಪಿನ್ನು ಮಾತ್ರ ಈಗ ಖಾಲಿ.